ಐವತ್ತು ಗಂಟೆಯ ಹೆರಿಗೆ

1817ರ ನವೆಂಬರ್ 3, ಸೋಮವಾರ. ಲಂಡನ್ನಿನಿಂದ ಸ್ವಲ್ಪ ದೂರದ ಸರ್ರೆ ಪ್ರಾಂತ್ಯದ ಕ್ಲೇರ್ಮಾಂಟ್ ಬಂಗಲೆಯಲ್ಲಿ ಸಂಜೆ ಏಳರ ಹೊತ್ತಿಗೆ 21 ವರ್ಷದ ಬಸುರಿಯೊಬ್ಬಳಿಗೆ ನೋವು ಕಾಣಿಸಿಕೊಂಡಿತು. ವೈದ್ಯರು ಹೇಳಿದ್ದ ದಿನ ಕಳೆದು ಎರಡು ವಾರವಾಗಿತ್ತು. ಸುದ್ದಿ ತಿಳಿದ ಕೂಡಲೇ ಮಂತ್ರಿಗಳೂ ಧರ್ಮಗುರುಗಳೂ ಕುದುರೆಗಾಡಿ ಹತ್ತಿ ಬಂದರು. ಹುಟ್ಟುವ ಮಗು ಮುಂದೆ ಸಿಂಹಾಸನವೇರಬಹುದಾದದ್ದು. ಅದರ ಹುಟ್ಟಿಗೆ ರಾಜ್ಯದ ದೊಡ್ಡವರು ಸಾಕ್ಷಿಯಾಗಿರಬೇಕು ಎಂಬುದು ಆಗಿನ ಪದ್ಧತಿ. ಅವರೆಲ್ಲ ಪಕ್ಕದ ಕೋಣೆಯಲ್ಲಿ ಕುಳಿತು ಕಾದರು.

ಆಕೆ ರಾಜಕುಮಾರಿ ಶಾರ್ಲಟ್. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಮೊಮ್ಮಗಳು, ಆಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದ ಯುವರಾಜನ ಒಬ್ಬಳೇ ಮಗಳು. ದೊರೆಗೆ ಹದಿನೈದು ಮಕ್ಕಳು. ಅವರಲ್ಲಿ ಹನ್ನೆರಡು ಮಂದಿ ಆಗಲೂ ಬದುಕಿದ್ದರು. ಆದರೆ ಧರ್ಮಸಮ್ಮತವಾದ ಮದುವೆಯಿಂದ ಹುಟ್ಟಿ ಉಳಿದಿದ್ದ ಮೊಮ್ಮಗು ಇವಳೊಬ್ಬಳೇ. ಒಂದೂವರೆ ವರ್ಷದ ಹಿಂದೆ ಜರ್ಮನಿಯ ರಾಜಕುಮಾರ ಲಿಯೋಪೋಲ್ಡ್‌ನನ್ನು ಮೆಚ್ಚಿ ಮದುವೆಯಾಗಿದ್ದಳು. ಒಂದು ವಂಶದ ಮುಂದಿನ ಕಥೆಯೆಲ್ಲ ಅವಳ ಗರ್ಭಕೋಶದ ಮೇಲೆ ನಿಂತಿತ್ತು.

ಆ ಗರ್ಭಕೋಶ ಸರಿಯಾಗಿ ಕೆಲಸ ಮಾಡಲಿಲ್ಲ. ವೈದ್ಯಕೀಯ ಇತಿಹಾಸದಲ್ಲಿ ಈ ಹೆರಿಗೆಯಷ್ಟು ಚರ್ಚೆಗೆ ಒಳಗಾದವು ಕಡಿಮೆ. ಸಾಮಾನ್ಯವಾಗಿ ಇದನ್ನು ಇಕ್ಕಳ ಹಾಕಬೇಕಿತ್ತೇ, ಬೇಡವಾಗಿತ್ತೇ ಎಂಬ ವಾದವಾಗಿ ಹೇಳುತ್ತಾರೆ. ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ. ಗರ್ಭಕೋಶ ತಪ್ಪಾಗಿ ಬಿಗಿಯುತ್ತಿದೆ ಎಂಬುದನ್ನು ಹೊರಗೆ ನಿಂತವರು ತಿಳಿಯುವುದು ಹೇಗೆ? ಕಾಯುವುದಕ್ಕೆ ಗಡಿ ಎಲ್ಲಿ? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ಹಾಸಿಗೆಯ ಸುತ್ತ ಇದ್ದವರು

ಶಾರ್ಲಟ್‌ಳ ಹೆರಿಗೆಯ ಹೊಣೆ ಹೊತ್ತವನು ಸರ್ ರಿಚರ್ಡ್ ಕ್ರಾಫ್ಟ್. ದೊಡ್ಡ ಮನೆತನಗಳಲ್ಲಿ ಹೆರಿಗೆ ಮಾಡಿಸಿ ಹೆಸರು ಪಡೆದವನು. ಅವನ ಜೊತೆಗಿದ್ದ ಮ್ಯಾಥ್ಯೂ ಬೇಲಿ ಆ ಕಾಲದ ಹೆಸರಾಂತ ವೈದ್ಯ. ಇಬ್ಬರೂ ಥಾಮಸ್ ಡೆನ್ಮನ್ ಎಂಬ ಪ್ರಸೂತಿ ಗುರುವಿನ ಅವಳಿ ಹೆಣ್ಣುಮಕ್ಕಳನ್ನು ಮದುವೆಯಾದ ಷಡ್ಡಕರು. ಬೇಲಿಯ ಸೋದರಮಾವ ವಿಲಿಯಂ ಹಂಟರ್ 1774ರಲ್ಲಿ ಬಸುರಿ ಗರ್ಭಕೋಶದ 34 ಚಿತ್ರಫಲಕಗಳ ದೊಡ್ಡ ಗ್ರಂಥ ಪ್ರಕಟಿಸಿದ್ದ. ಗರ್ಭಕೋಶದ ರಚನೆ ಬಲ್ಲವರು ಇವರಿಗಿಂತ ಬೇರೆ ಯಾರಿದ್ದರು? ಆದರೆ ಆ ಚಿತ್ರಗಳೆಲ್ಲ ಸತ್ತ ಬಸುರಿಯರ ದೇಹ ಕೊಯ್ದು ಬರೆದವು. ಸತ್ತ ಗರ್ಭಕೋಶ ತನ್ನ ಆಕಾರ ತೋರಿಸುತ್ತದೆ, ಹೇಗೆ ಬಿಗಿಯುತ್ತಿತ್ತು ಎಂಬುದನ್ನು ತೋರಿಸುವುದಿಲ್ಲ.

ಡೆನ್ಮನ್‌ನ ಪಾಠ ಒಂದೇ ಮಾತಿನದು: ಪ್ರಕೃತಿಗೆ ಅವಕಾಶ ಕೊಡಿ. ಅವನ ನಿಯಮದ ಪ್ರಕಾರ, ಮಗುವಿನ ತಲೆ ಕೆಳಗೆ ಬಂದು ನಿಂತು, ನೋವು ನಿಂತುಹೋಗಿ, ಆರು ಗಂಟೆ ಕಳೆಯುವವರೆಗೆ ಇಕ್ಕಳ ಮುಟ್ಟಬಾರದು. ಇದು ಸೋಮಾರಿತನದಿಂದ ಬಂದ ನಿಯಮವಲ್ಲ. ಹಿಂದಿನ ತಲೆಮಾರಿನ ವೈದ್ಯರು ಆತುರದಿಂದ ಇಕ್ಕಳ ಹಾಕಿ ತಾಯಂದಿರನ್ನೂ ಕೂಸುಗಳನ್ನೂ ಹರಿದುಹಾಕಿದ್ದನ್ನು ಕಂಡು ಹುಟ್ಟಿದ ನಿಯಮ. ನಂಜು ಏಕೆ ಏರುತ್ತದೆಂದು ತಿಳಿಯದ, ಅರಿವಳಿಕೆ ಇಲ್ಲದ ಕಾಲದಲ್ಲಿ ಕೈಹಾಕುವುದಕ್ಕಿಂತ ಕೈಕಟ್ಟಿ ಕೂರುವುದೇ ಎಷ್ಟೋ ಸಲ ಮೇಲಾಗಿತ್ತು.

ಸೋಮವಾರ ರಾತ್ರಿಯಿಡೀ ನೋವು ಬರುತ್ತಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಗರ್ಭಕೋಶದ ಬಾಯಿ ಬಹಳ ನಿಧಾನವಾಗಿ ತೆರೆಯುತ್ತಿತ್ತು. ಅದು ಪೂರ್ತಿ ತೆರೆದದ್ದು ಮಂಗಳವಾರ ರಾತ್ರಿ ಒಂಬತ್ತರ ಸುಮಾರಿಗೆ, ಅಂದರೆ 26 ಗಂಟೆಗಳ ಮೇಲೆ. ನೋವಿನ ಬಲ ಸಾಲದೆಂದು ಕಂಡ ಕ್ರಾಫ್ಟ್, ಜಾನ್ ಸಿಮ್ಸ್ ಎಂಬ ಇನ್ನೊಬ್ಬ ವೈದ್ಯನನ್ನು ಕರೆಸಿದ. ಸಿಮ್ಸ್ ಸಸ್ಯಶಾಸ್ತ್ರದಲ್ಲೂ ಹೆಸರು ಮಾಡಿದವನು, ಕರ್ಟಿಸ್‌ನ ಪ್ರಸಿದ್ಧ ಸಸ್ಯಪತ್ರಿಕೆಯ ಸಂಪಾದಕ. ಆತ ಬಂದ. ಆದರೆ ಮಗು ಹೊರಬರುವ ತನಕ ರಾಜಕುಮಾರಿಯ ಕೋಣೆಯೊಳಗೆ ಹೋಗಲೇ ಇಲ್ಲ. ಇಕ್ಕಳ ಸಿದ್ಧವಾಗಿತ್ತು, ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಿಯಮದ ಪ್ರಕಾರ ಅದರ ಹೊತ್ತು ಬಂದಿರಲಿಲ್ಲ. ಏಕೆಂದರೆ ನೋವು ಸಣ್ಣದಾಗಿಯಾದರೂ ಬರುತ್ತಲೇ ಇತ್ತು, ಮಗು ಇಷ್ಟಿಷ್ಟೇ ಕೆಳಗಿಳಿಯುತ್ತಲೇ ಇತ್ತು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಹೊರಬರುತ್ತಿದ್ದ ನೀರಿನ ಬಣ್ಣ ಬದಲಾಯಿತು. ಮಗು ಒಳಗೆ ಕಷ್ಟದಲ್ಲಿದೆ ಎಂಬ ಸೂಚನೆ ಅದು. ರಾತ್ರಿ ಒಂಬತ್ತಕ್ಕೆ ಒಂಬತ್ತು ಪೌಂಡ್ ತೂಕದ ಗಂಡುಮಗು ಹೊರಬಂತು. ಉಸಿರಿರಲಿಲ್ಲ. ಉಜ್ಜಿದರು, ಬಿಸಿನೀರಿಗೆ ಹಿಡಿದರು, ಉಸಿರು ಊದಿದರು. ಏನೂ ಆಗಲಿಲ್ಲ. ನೋವು ಶುರುವಾಗಿ ಐವತ್ತು ಗಂಟೆಯಾಗಿತ್ತು.

ಮಾಸು ಬೀಳಲಿಲ್ಲ. ಕ್ರಾಫ್ಟ್ ಕೈಯಿಟ್ಟು ನೋಡಿದಾಗ ಗರ್ಭಕೋಶ ನಡುವೆ ಬಿಗಿದು ಮರಳು ಗಡಿಯಾರದ ಆಕಾರ ತಾಳಿತ್ತು. ಎರಡು ದಿನ ಬಲವಿಲ್ಲದೆ ನರಳಿದ ಸ್ನಾಯು ಈಗ ಬಿಗಿಯಬಾರದ ಜಾಗದಲ್ಲಿ ಬಿಗಿದಿತ್ತು. ಮಾಸು ಆ ಸೊಂಟದ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿತ್ತು. ಕ್ರಾಫ್ಟ್ ಅದನ್ನು ಕೈಯಿಂದ ಬಿಡಿಸಿ ತೆಗೆದ. ಬಾಣಂತಿ ಸ್ವಲ್ಪ ಗೆಲುವಾದಂತೆ ಕಂಡಳು. ಎಲ್ಲರೂ ಮಲಗಲು ಹೋದರು. ನಡುರಾತ್ರಿಯ ಹೊತ್ತಿಗೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ವಾಂತಿ, ಓಡುವ ನಾಡಿ, ತಣ್ಣಗಾಗುವ ಮೈ. 6ನೇ ತಾರೀಖಿನ ಬೆಳಗಿನ ಜಾವ ಎರಡೂವರೆಗೆ ಶಾರ್ಲಟ್ ತೀರಿಕೊಂಡಳು.

ದೇಹವನ್ನು ಕೊಯ್ದು ನೋಡಿದಾಗ ಗರ್ಭಕೋಶದೊಳಗೆ ರಕ್ತ ತುಂಬಿತ್ತು. ಅದು ಹೊಕ್ಕುಳಿನ ಮಟ್ಟಕ್ಕೆ ಉಬ್ಬಿತ್ತು. ನಡುವಿನ ಬಿಗಿತ ಆಗಲೂ ಕಾಣುತ್ತಿತ್ತು. ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದು, ವಂಶದಲ್ಲೇ ಇದ್ದ ಪಾರ್ಫೀರಿಯಾ ಎಂಬ ಕಾಯಿಲೆ ಇರಬಹುದು ಎಂಬ ವಾದಗಳೂ ಆಮೇಲೆ ಬಂದವು. ಆದರೆ ಹೆಚ್ಚಿನವರು ಒಪ್ಪುವ ಕಾರಣ ಹೆರಿಗೆಯ ನಂತರದ ರಕ್ತಸ್ರಾವ.

ಇಡೀ ದೇಶ ಶೋಕದಲ್ಲಿ ಮುಳುಗಿತು. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಮುಗಿದುಹೋಯಿತಂತೆ. ಯುವರಾಜ ಕ್ರಾಫ್ಟ್‌ನನ್ನು ದೂಷಿಸಲಿಲ್ಲ. ಪತ್ರಿಕೆಗಳೂ ಕರಪತ್ರಗಳೂ ಬಿಡಲಿಲ್ಲ. ಮೂರು ತಿಂಗಳ ನಂತರ, 1818ರ ಫೆಬ್ರವರಿ 13ರಂದು, ಇನ್ನೊಬ್ಬ ಹೆಂಗಸಿನ ಹೆರಿಗೆಗೆಂದು ಹೋಗಿದ್ದ ಮನೆಯಲ್ಲೇ ಕ್ರಾಫ್ಟ್ ಗುಂಡು ಹಾರಿಸಿಕೊಂಡು ಸತ್ತ. ಮಗು, ತಾಯಿ, ವೈದ್ಯ ಮೂವರೂ ಸತ್ತದ್ದರಿಂದ 1951ರಲ್ಲಿ ಇದರ ಬಗ್ಗೆ ಬರೆದ ಪ್ರಸೂತಿ ತಜ್ಞ ಈರ್ಡ್ಲಿ ಹಾಲಂಡ್ ಇದನ್ನು ಮೂರು ಸಾವಿನ ದುರಂತ ಎಂದು ಕರೆದರು.

ಇತ್ತ ವಾರಸುದಾರರಿಲ್ಲದ ಸಿಂಹಾಸನಕ್ಕಾಗಿ ನಡುವಯಸ್ಸಿನ ರಾಜಪುತ್ರರು ಲಗುಬಗೆಯಿಂದ ಮದುವೆಯಾದರು. ಅವರಲ್ಲೊಬ್ಬ ಶಾರ್ಲಟ್‌ಳ ಗಂಡನ ಅಕ್ಕನನ್ನೇ ವರಿಸಿದ. 1819ರ ಮೇ 24ರಂದು ಅವರಿಗೆ ಹುಟ್ಟಿದ ಮಗಳು ವಿಕ್ಟೋರಿಯಾ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಇಂದಿಗೂ ನಿಂತಿರುವ ಅಮೃತಶಿಲೆಯ ರಾಣಿ ಅವಳೇ. ಕ್ಲೇರ್ಮಾಂಟಿನ ಆ ಹೆರಿಗೆ ಸುಸೂತ್ರವಾಗಿದ್ದರೆ ಆ ಪೀಠದ ಮೇಲೆ ಬೇರೆ ಮುಖ ಇರುತ್ತಿತ್ತು.

ಬಿಗಿಯುವ ಸ್ನಾಯುವಿನ ಕ್ರಮ

ಗರ್ಭಕೋಶ ಚೀಲವಲ್ಲ, ಸ್ನಾಯು. ಹೆರಿಗೆಯ ನೋವು ಸಾಮಾನ್ಯವಾಗಿ ಅದರ ಮೇಲ್ತುದಿಯಲ್ಲಿ ಹುಟ್ಟಿ ಅಲೆಯಂತೆ ಕೆಳಗಿಳಿಯುತ್ತದೆ. ಮೇಲೆ ಬಲ ಹೆಚ್ಚು, ಕೆಳಗೆ ಕಡಿಮೆ. ಪ್ರತಿ ನೋವಿನ ನಂತರ ಮೇಲಿನ ಸ್ನಾಯುವಿನ ಎಳೆಗಳು ಸಡಿಲಾಗುತ್ತವೆ, ಆದರೆ ಮೊದಲಿನಷ್ಟು ಉದ್ದಕ್ಕೆ ಮರಳುವುದಿಲ್ಲ. ಚೂರುಚೂರೇ ಗಿಡ್ಡವಾಗುತ್ತಾ ಹೋಗುತ್ತವೆ. ಹೀಗೆ ಮೇಲ್ಭಾಗ ದಪ್ಪವಾಗುತ್ತದೆ, ಕೆಳಭಾಗ ತೆಳುವಾಗಿ ಬಾಯಿ ಬಿಡುತ್ತದೆ, ಮಗು ಜಾರುತ್ತದೆ. ಮಾಸು ಬಿದ್ದಮೇಲೆ ಅದೇ ಎಳೆಗಳು ನಡುವೆ ಹಾಯುವ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಆ ಹಿಸುಕು ತಪ್ಪಿದರೆ ಬಾಣಂತಿಯ ಜೀವಕ್ಕೆ ಉಳಿಯುವುದು ಕೆಲವೇ ಗಂಟೆ.

ಇದರಲ್ಲಿ ಎಲ್ಲಿ ಬೇಕಾದರೂ ಲಯ ತಪ್ಪಬಹುದು. ಬಲವೇ ಇಲ್ಲದಿರಬಹುದು. ಬಲವಿದ್ದೂ ಕ್ರಮವಿಲ್ಲದಿರಬಹುದು, ಒಂದು ಭಾಗ ಬಿಗಿದಾಗ ಇನ್ನೊಂದು ಸಡಿಲಾಗಿರುತ್ತದೆ, ಬಸುರಿಗೆ ನೋವು ಮಾತ್ರ ಉಳಿಯುತ್ತದೆ. ನಡುವೆ ಉಂಗುರದಂತೆ ಬಿಗಿದುಕೊಳ್ಳಬಹುದು. ಎಲ್ಲ ಮುಗಿದಮೇಲೆ ಬಿಗಿಯದೆ ಸೋತು ಬೀಳಬಹುದು. ಶಾರ್ಲಟ್‌ಳಿಗೆ ಬಲವಿಲ್ಲದ ನೋವು, ನಡುವಿನ ಉಂಗುರ, ಕೊನೆಯ ಸೋಲು ಮೂರೂ ಒಂದರ ಹಿಂದೊಂದು ಬಂದವು. ಮೊದಲನೆಯದನ್ನು ಸಮಯಕ್ಕೆ ಗುರುತಿಸಿದ್ದರೆ ಉಳಿದ ಎರಡು ಬರದೇ ಇರಬಹುದಿತ್ತು. ಆದರೆ ಸಮಯ ಎಂದರೆ ಯಾವುದು?

ಬಸುರಿನಲ್ಲಿ ಹೊಟ್ಟೆ ಗಟ್ಟಿಯಾಗುವುದೆಲ್ಲ ಹೆರಿಗೆಯೂ ಅಲ್ಲ. ಇಂಗ್ಲೆಂಡಿನ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗರ್ಭಕೋಶ ಬಸುರಿನ ಉದ್ದಕ್ಕೂ ಆಗಾಗ ಬಿಗಿದು ಸಡಿಲಾಗುತ್ತಲೇ ಇರುತ್ತದೆ ಎಂದು ತೋರಿಸಿದ. ನಮ್ಮ ಹಳ್ಳಿಯ ಹೆಂಗಸರು ಸುಳ್ಳು ನೋವು ಎನ್ನುವುದು ಇದನ್ನೇ. ಅದಾದ ಮೂರು ವರ್ಷಕ್ಕೆ ವಿಯೆನ್ನಾದ ಲುಡ್ವಿಗ್ ಬಾಂಡ್ಲ್ ಇನ್ನೊಂದು ತುದಿಯನ್ನು ಗುರುತಿಸಿದ. ಮಗು ದಾರಿಯಲ್ಲಿ ಸಿಕ್ಕಿಕೊಂಡಾಗ ಗರ್ಭಕೋಶ ಬಿಡದೆ ದುಡಿಯುತ್ತದೆ. ಮೇಲ್ಭಾಗ ದಪ್ಪವಾಗುತ್ತಾ, ಕೆಳಭಾಗ ಕಾಗದದಂತೆ ತೆಳುವಾಗುತ್ತಾ, ನಡುವಿನ ಗೆರೆ ಮೇಲೇರುತ್ತದೆ. ಹೊಟ್ಟೆಯ ಮೇಲೆ ಆ ಗೆರೆ ಕಂಡರೆ ಗರ್ಭಕೋಶ ಹರಿಯಲು ಹೆಚ್ಚು ಹೊತ್ತಿಲ್ಲ ಎಂದರ್ಥ. ಬಾಂಡ್ಲ್‌ನ ಉಂಗುರ ಎಂಬ ಹೆಸರು ಪ್ರಸೂತಿ ಪಠ್ಯಗಳಲ್ಲಿ ಇಂದಿಗೂ ಇದೆ. ಒಂದು ನಿರುಪದ್ರವಿ ಬಿಗಿತ, ಇನ್ನೊಂದು ಪ್ರಾಣ ತೆಗೆಯುವ ಬಿಗಿತ. ಎರಡನ್ನೂ ವೈದ್ಯರು ಹೊಟ್ಟೆಯ ಮೇಲೆ ಕೈಯಿಟ್ಟೇ ಕಲಿಯಬೇಕಾಯಿತು.

ಜೀವ ಕೊಡುವ ಪುಡಿ, ಜೀವ ತೆಗೆಯುವ ಪುಡಿ

ಗರ್ಭಕೋಶವನ್ನು ಬಿಗಿಸುವ ಮದ್ದು ಶಾರ್ಲಟ್ ಸಾಯುವ ಹೊತ್ತಿಗೇ ಇತ್ತು. ಯೂರೋಪಿನಲ್ಲಿ ರೈ ಎಂಬ ಧಾನ್ಯದ ತೆನೆಗೆ ಒಂದು ಬೂಷ್ಟು ಹತ್ತಿ, ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥದ್ದು ಬೆಳೆಯುತ್ತದೆ. ಅದೇ ಎರ್ಗಟ್. ಅದು ಬೆರೆತ ಹಿಟ್ಟಿನ ರೊಟ್ಟಿ ತಿಂದ ಊರಿಗೂರೇ ಕೈಕಾಲು ಕಪ್ಪಾಗಿ ಉದುರುವ ರೋಗಕ್ಕೆ ತುತ್ತಾಗುತ್ತಿತ್ತು. ಅದೇ ವಿಷವನ್ನು ಸೂಲಗಿತ್ತಿಯರು ಲೆಕ್ಕ ಹಿಡಿದು, ನೋವು ಬಾರದ ಬಸುರಿಗೆ ಕೊಡುತ್ತಿದ್ದರು. ಜರ್ಮನಿಯ ಆಡಂ ಲೋನಿಟ್ಸರ್ 1582ರಲ್ಲೇ ತನ್ನ ಗಿಡಮೂಲಿಕೆಯ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದ.

1808ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ವೈದ್ಯ ಜಾನ್ ಸ್ಟರ್ನ್ಸ್ ಪತ್ರವೊಂದರಲ್ಲಿ ಈ ಪುಡಿಯನ್ನು ಹೊಗಳಿ ಬರೆದ. ಎಳೆಯುವ ಹೆರಿಗೆ ಬೇಗ ಮುಗಿಯುತ್ತದೆ, ವೈದ್ಯನ ಹೊತ್ತು ಉಳಿಯುತ್ತದೆ. ಮಗುವಿನ ದಾರಿಗೆ ಅಡ್ಡಿ ಇಲ್ಲವೆಂದು ಖಚಿತಪಡಿಸಿಕೊಂಡೇ ಕೊಡಿ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಹೊಗಳಿಕೆ ಹರಡಿದಷ್ಟು ಬೇಗ ಎಚ್ಚರಿಕೆ ಹರಡಲಿಲ್ಲ. ಎರ್ಗಟ್ ಕೊಟ್ಟ ಗರ್ಭಕೋಶ ಬಿಗಿದರೆ ಬಿಗಿದದ್ದೇ, ಅಲೆಯಿಲ್ಲ, ಬಿಡುವಿಲ್ಲ. ಬಿಡುವಿನ ಹೊತ್ತಿನಲ್ಲೇ ಮಗುವಿಗೆ ರಕ್ತ ಹರಿಯುವುದು. ಸತ್ತು ಹುಟ್ಟುವ ಕೂಸುಗಳು ಹೆಚ್ಚಾದವು, ಗರ್ಭಕೋಶಗಳು ಹರಿದವು. 1824ರಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸಾಕ್, ಹೆರಿಗೆಯ ಪುಡಿ ಎಂಬ ಅದರ ಲ್ಯಾಟಿನ್ ಹೆಸರನ್ನು ತಿರುಚಿ ಸಾವಿನ ಪುಡಿ ಎಂದು ಕರೆದ. ಮಗು ಹೊರಬಂದ ಮೇಲೆ, ರಕ್ತ ನಿಲ್ಲಿಸಲು ಮಾತ್ರ ಇದನ್ನು ಬಳಸಿ ಎಂದು ವಾದಿಸಿದ. ಇಂದಿನ ವೈದ್ಯಕೀಯವೂ ಒಪ್ಪುವ ಮಾತದು. ಕ್ರಾಫ್ಟ್ ಮಿತಿಮೀರಿ ಕಾದ; ಎರ್ಗಟ್ ಕೊಟ್ಟವರು ಕಾಯಲೇ ಇಲ್ಲ. ಎರಡೂ ಕಡೆ ಕುರುಡು ಒಂದೇ: ಒಳಗೆ ಏನಾಗುತ್ತಿದೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಇಪ್ಪತ್ತನೇ ಶತಮಾನ ಮದ್ದನ್ನು ಶುದ್ಧ ಮಾಡಿತು. 1906ರಲ್ಲಿ ಹೆನ್ರಿ ಡೇಲ್, ದನದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಬಿಗಿಸುವುದನ್ನು ಕಂಡ. ಕೆಲವೇ ವರ್ಷಗಳಲ್ಲಿ ಅದು ಹೆರಿಗೆ ಕೋಣೆ ಸೇರಿತು. ಎರ್ಗಟ್‌ನ ಹಳೆಯ ತಪ್ಪುಗಳೂ ಜೊತೆಗೇ ಸೇರಿದವು. ಒಂದೇ ಸಲಕ್ಕೆ ದೊಡ್ಡ ಸೂಜಿಮದ್ದು ಕೊಟ್ಟು ಗರ್ಭಕೋಶ ಹರಿದ ಪ್ರಕರಣಗಳು ನಡೆದವು. 1940ರ ದಶಕದ ಕೊನೆಗೆ ಅದನ್ನು ಹನಿಹನಿಯಾಗಿ ರಕ್ತನಾಳಕ್ಕೆ ಇಳಿಸುವ ಕ್ರಮ ಬಂತು. ನೋವು ಹೆಚ್ಚಾದರೆ ಹನಿ ನಿಲ್ಲಿಸಬಹುದು. ಅಷ್ಟರಿಂದಲೇ ಎಷ್ಟೋ ಜೀವ ಉಳಿಯಿತು. 1953ರಲ್ಲಿ ಅಮೆರಿಕದ ವಿನ್ಸೆಂಟ್ ದು ವಿನ್ಯೋ ಅದರ ಸಾರವಾದ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. 1955ರಲ್ಲಿ ನೊಬೆಲ್ ಪಡೆದ. ಅತ್ತ ಲಂಡನ್ನಿನಲ್ಲಿ ಚಾಸರ್ ಮಾಯರ್, ಆಗಷ್ಟೇ ಹೆತ್ತ ಹೆಂಗಸರ ಗರ್ಭಕೋಶದಲ್ಲಿ ಪುಟ್ಟ ಬಲೂನಿಟ್ಟು ಬಿಗಿತವನ್ನು ಗೆರೆಯಾಗಿ ದಾಖಲಿಸುತ್ತಿದ್ದ. ಆಗ ಸಿಗುತ್ತಿದ್ದ ಎರ್ಗಟ್‌ನ ಶುದ್ಧ ರಾಸಾಯನಿಕಗಳಿಗಿಂತ, ಕೆಲಸಕ್ಕೆ ಬಾರದೆಂದು ಬದಿಗಿಟ್ಟಿದ್ದ ಹಳೆಯ ನೀರಿನ ಕಷಾಯವೇ ಬಲವಾಗಿದೆ ಎಂದು 1932ರಲ್ಲಿ ತೋರಿಸಿದ. 1935ರಲ್ಲಿ ಹೆರಾಲ್ಡ್ ಡಡ್ಲಿಯ ಜೊತೆ ಅದರಿಂದ ಎರ್ಗೊಮೆಟ್ರಿನ್ ಬೇರ್ಪಡಿಸಿದ. ಸೂಲಗಿತ್ತಿಯರ ಪುಡಿಯ ನಿಜವಾದ ಸತ್ವ ಅದೇ ಆಗಿತ್ತು.

ಒಂದು ಹಾಳೆ ಕಾಗದ

ಮಾಯರ್‌ನ ಗೆರೆ ಇನ್ನೊಂದು ದಾರಿಯನ್ನೂ ತೋರಿತು: ಬಿಗಿತವನ್ನು ಅಳೆಯಬಹುದು. ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಕಾಲ್ದೇಯ್ರೊ ಬಾರ್ಸಿಯಾ ಮತ್ತು ಆಲ್ವಾರೆಸ್ ಹೆರಿಗೆಯ ಹೊತ್ತಿನಲ್ಲೇ ಗರ್ಭಕೋಶದೊಳಗಿನ ಒತ್ತಡ ಅಳೆದರು. ಬಿಗಿತದ ಬಲವನ್ನು ಲೆಕ್ಕಹಾಕುವ ಮಾನಕ್ಕೆ ಇಂದಿಗೂ ಮಾಂಟೆವಿಡಿಯೊ ಯೂನಿಟ್ ಎಂದೇ ಹೆಸರು. 1954ರಲ್ಲಿ ಅಮೆರಿಕದ ಇಮಾನ್ಯುಯೆಲ್ ಫ್ರೀಡ್ಮನ್ ಇನ್ನೂ ಸರಳವಾದದ್ದನ್ನು ಮಾಡಿದ: ಗರ್ಭಕೋಶದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯಿತು ಎಂಬುದನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದ.

ಆ ಗ್ರಾಫಿಗೆ ಜೀವ ಬಂದದ್ದು ದೊಡ್ಡ ಆಸ್ಪತ್ರೆಯ ಹೊರಗೆ. ಇಂದಿನ ಜಿಂಬಾಬ್ವೆ, ಆಗಿನ ರೊಡೇಶಿಯಾದಲ್ಲಿ, ದೂರದ ಕೇಂದ್ರಗಳಲ್ಲಿ ಸೂಲಗಿತ್ತಿ ನರ್ಸುಗಳಷ್ಟೇ ಇರುತ್ತಿದ್ದರು. ಬಸುರಿಯನ್ನು ದೊಡ್ಡಾಸ್ಪತ್ರೆಗೆ ಯಾವಾಗ ಕಳುಹಿಸಬೇಕು? ಬೇಗ ಕಳುಹಿಸಿದರೆ ಆಸ್ಪತ್ರೆ ತುಂಬುತ್ತದೆ, ತಡವಾದರೆ ದಾರಿಯಲ್ಲೇ ಸಾವು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬಿಬ್ಬರು ವೈದ್ಯರು ಗ್ರಾಫಿನ ಮೇಲೆ ಎರಡು ಓರೆ ಗೆರೆ ಎಳೆದರು. ಮೊದಲನೆಯದು ಎಚ್ಚರಿಕೆಯ ಗೆರೆ, ಅದಕ್ಕೆ ನಾಲ್ಕು ಗಂಟೆ ಬಲಕ್ಕೆ ಕ್ರಮ ಕೈಗೊಳ್ಳುವ ಗೆರೆ. ಹೆರಿಗೆಯ ಚುಕ್ಕಿ ಮೊದಲ ಗೆರೆ ದಾಟಿದರೆ ಗಾಡಿ ಹತ್ತಿಸಿ. ಎರಡನೆಯದು ಮುಟ್ಟಿದರೆ ಏನಾದರೂ ಮಾಡಲೇಬೇಕು. ಪಾರ್ಟೋಗ್ರಾಫ್ ಎಂಬ ಈ ಹಾಳೆಯನ್ನು ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಹಂಚಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸುಗಳೂ ಇದನ್ನು ತುಂಬಲು ಕಲಿಯುತ್ತಾರೆ. ಗೆರೆ ಎಲ್ಲರಿಗೂ ಒಂದೇ ಆಗಬೇಕೇ ಎಂಬ ಚರ್ಚೆ ಮುಗಿದಿಲ್ಲ. 2020ರಲ್ಲಿ ಸಂಸ್ಥೆಯೇ ಹಾಳೆಯನ್ನು ಬದಲಿಸಿತು. ಆದರೂ ಡೆನ್ಮನ್‌ನ ಆರು ಗಂಟೆಯ ನಿಯಮಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಡೆನ್ಮನ್ ಲೆಕ್ಕ ಶುರುಮಾಡಿದ್ದು ಗರ್ಭಕೋಶ ಸೋತು ಸುಮ್ಮನಾದ ಮೇಲೆ. ಈ ಹಾಳೆ ಅದು ಸೋಲುತ್ತಿರುವಾಗಲೇ ಹೇಳುತ್ತದೆ.

ಹೆರಿಗೆ ಮುಗಿದ ಮೇಲಿನ ಸೋಲಿಗೆ ಉತ್ತರ ಹುಡುಕಿದ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಆಕ್ಸಿಟೋಸಿನ್‌ಗೆ ತಂಪು ಬೇಕು, ಸೂಜಿ ಬೇಕು, ಚುಚ್ಚಬಲ್ಲ ಕೈ ಬೇಕು. ಕರೆಂಟು ನಿಲ್ಲದ ಊರಿಗೆ ಅದು ಸರಿ. ಹೊಟ್ಟೆಹುಣ್ಣಿಗೆಂದು ತಯಾರಾದ ಮಿಸೊಪ್ರೊಸ್ಟಾಲ್ ಮಾತ್ರೆಗೆ ಗರ್ಭಕೋಶವನ್ನು ಬಿಗಿಸುವ ಗುಣವೂ ಇತ್ತು. ಅದಕ್ಕೆ ಫ್ರಿಜ್ ಬೇಕಿರಲಿಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1620 ತಾಯಂದಿರ ನಡುವೆ ಅದರ ಪರೀಕ್ಷೆ ನಡೆಯಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ನಿಜ ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ಬಾಣಂತಿಯ ರಕ್ತಸ್ರಾವ ತಡೆಯುವ ಮದ್ದಾಗಿ ಮಿಸೊಪ್ರೊಸ್ಟಾಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು.

ಮದ್ದಿನ ಎರಡು ಮುಖ ಮಾತ್ರ ಬದಲಾಗಿಲ್ಲ. ಮಿಸೊಪ್ರೊಸ್ಟಾಲ್ ಕೂಡ ಹೊತ್ತು ತಪ್ಪಿ, ಪ್ರಮಾಣ ತಪ್ಪಿ ಬಿದ್ದರೆ ಗರ್ಭಕೋಶ ಹರಿಯಬಲ್ಲದು. ಆಕ್ಸಿಟೋಸಿನ್ ಅನ್ನು ಎಮ್ಮೆಗಳಿಗೆ ಚುಚ್ಚಿ ಹಾಲು ಸುರಿಸುವುದನ್ನು ತಡೆಯಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ದೇಶದ ಬಳಕೆಗೆ ಅದನ್ನು ತಯಾರಿಸುವ ಹಕ್ಕನ್ನು ಕರ್ನಾಟಕದ ಒಂದೇ ಒಂದು ಸರ್ಕಾರಿ ಔಷಧ ಕಂಪನಿಗೆ ಸೀಮಿತಗೊಳಿಸಲು ಹೊರಟಿತು. ಬಾಣಂತಿಯರಿಗೇ ಮದ್ದು ಸಿಗದೆ ಹೋದರೆ ಏನು ಗತಿ ಎಂಬ ಪ್ರಶ್ನೆ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು.

ಕ್ಲೇರ್ಮಾಂಟಿನಲ್ಲಿ ಇಂಗ್ಲೆಂಡಿನ ಹೆಸರಾಂತ ವೈದ್ಯರಿದ್ದರು, ಇಕ್ಕಳವಿತ್ತು, ಕೇಳಿದ್ದೆಲ್ಲ ತಂದುಕೊಡುವ ಆಳುಕಾಳುಗಳಿದ್ದರು. ಬೆಳಗಾವಿಯ ಹಳ್ಳಿಯ ಉಪಕೇಂದ್ರದಲ್ಲಿ ಇದ್ದದ್ದು ಒಬ್ಬ ಸಿಸ್ಟರು, ಒಂದಿಷ್ಟು ಮಾತ್ರೆ, ರಕ್ತ ಅಳೆಯುವ ಒಂದು ಪಟ್ಟಿ. ಎಲ್ಲಿಯವರೆಗೆ ಕಾಯಬೇಕು, ಯಾವಾಗ ಕೈಹಾಕಬೇಕು ಎಂಬುದು ಅರಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಪಕೇಂದ್ರದ ಸಿಸ್ಟರಿಗೆ ಗೊತ್ತಿತ್ತು.